ಬಾಲಂಗೋಚಿ ಅಂತ ಬರೀಲಾ?

ಒಂದು ಪುಟ್ಟ ಇಂಗ್ಲಿಷ್ ಪದ್ಯವನ್ನು ಕನ್ನಡಕ್ಕೆ ತರ್ತೀನಿ ಅಂತ ಕೂತು ಎರಡು ವಾರ ಆಯ್ತು. ಸಾಲುಗಳು ಎಷ್ಟು ಚಿಕ್ಕವು ಅಂದ್ರೆ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಅನುವಾದ ಮುಗಿಯುತ್ತೆ ಅಂದ್ಕೊಂಡಿದ್ದೆ. ಮುಗಿದಿಲ್ಲ.

ಪದ್ಯ ಗಾಜಾದ ರೆಫಾತ್ ಅಲರೀರ್ ಅವರದ್ದು. 'ಇಫ್ ಐ ಮಸ್ಟ್ ಡೈ'. ನೀವೂ ಓದಿರ್ತೀರಿ. 2011ರಲ್ಲಿ ಬರೆದದ್ದು. 2023ರ ನವೆಂಬರಿನಲ್ಲಿ, ತಲೆ ಮೇಲೆ ಬಾಂಬು ಬೀಳ್ತಾ ಇದ್ದಾಗ, ಅದನ್ನೇ ಮತ್ತೆ ಹಂಚಿಕೊಂಡರು. ಡಿಸೆಂಬರ್ 6ಕ್ಕೆ ಇಸ್ರೇಲಿನ ವಾಯುದಾಳಿಯಲ್ಲಿ ತೀರಿಕೊಂಡರು. ಅವರ ಜೊತೆ ಒಡಹುಟ್ಟಿದವರು, ಮಕ್ಕಳು ಕೂಡಾ. ಆಮೇಲೆ ಜಗತ್ತೆಲ್ಲ ಆ ಪದ್ಯ ಓದಿತು. ನಾನೂ ಆಮೇಲೆಯೇ ಓದಿದ್ದು.

ಪದ್ಯದಲ್ಲಿ ಒಂದು ಗಾಳಿಪಟ ಇದೆ. ಗಾಜಾದ ಮಕ್ಕಳಿಗೂ ಗಾಳಿಪಟಕ್ಕೂ ಇರೋ ನಂಟು ದೊಡ್ಡದು. ಅದೇ 2011ರ ಜುಲೈನಲ್ಲಿ ಅಲ್ಲಿನ ಕಡಲತೀರದಲ್ಲಿ ಮಕ್ಕಳೆಲ್ಲ ಸೇರಿ ಹನ್ನೆರಡು ಸಾವಿರಕ್ಕೂ ಹೆಚ್ಚು ಗಾಳಿಪಟ ಒಟ್ಟಿಗೆ ಹಾರಿಸಿ ಗಿನ್ನೆಸ್ ದಾಖಲೆ ಮಾಡಿದ್ದರು. ಪದ್ಯದ ಪಟಕ್ಕೆ ಉದ್ದನೆಯ ಬಾಲ ಇದೆ. ನಮ್ಮಲ್ಲಿ ಅದಕ್ಕೆ ಬಾಲಂಗೋಚಿ ಅಂತ ಎಷ್ಟು ಚೆಂದದ ಪದ ಇದೆ! ಆದ್ರೆ ಯಾರದೋ ಹಿಂದೆ ಸುತ್ತೋರನ್ನು ಆಡಿಕೊಳ್ಳೋಕೂ ನಾವು ಅದೇ ಪದ ಬಳಸಿ ಬಳಸಿ ಸವೆಸಿಬಿಟ್ಟಿದ್ದೀವಿ. ಇಂಥ ಪದ್ಯದ ನಡುವೆ ಯಾರಾದ್ರೂ ಕಿಸಕ್ಕನೆ ನಕ್ಕುಬಿಟ್ರೆ? 'ಬಾಲ' ಅಂತ ಬರೆದೆ, ಹಸುವಿನ ಬಾಲ ನೆನಪಾಯ್ತು. ಹೊಡೆದುಹಾಕಿದೆ.

ಇನ್ನೊಂದು ತೊಡಕು 'ಯು'. ಇಂಗ್ಲಿಷಿನವರಿಗೆ ಒಂದೇ ಪದದಲ್ಲಿ ಕೆಲಸ ಮುಗೀತು. ನಮಗೆ ನೀನಾ, ನೀವಾ ಅಂತ ತೀರ್ಮಾನ ಮಾಡದೆ ಕ್ರಿಯಾಪದವೇ ಮುಂದಕ್ಕೆ ಹೋಗಲ್ಲ. ಜಗತ್ತಿಗೆಲ್ಲ ಹೇಳ್ತಿದ್ದಾರಾ, ಒಬ್ಬರಿಗೇನಾ?

ಸರಿ, ಮನುಷ್ಯ ಹೇಗೆ ಮಾತಾಡ್ತಿದ್ದರು ಕೇಳೋಣ ಅಂತ ಯೂಟ್ಯೂಬಿಗೆ ಹೋದೆ. ಅಲ್ಲಿ ಅವರ ಕ್ಲಾಸುಗಳೇ ಇವೆ. ಗಾಜಾದ ಇಸ್ಲಾಮಿಕ್ ಯೂನಿವರ್ಸಿಟಿಯಲ್ಲಿ 2007ರಿಂದ ಇಂಗ್ಲಿಷ್ ಪಾಠ ಹೇಳಿದ ಮೇಷ್ಟ್ರು. ಪಿಎಚ್.ಡಿ ಮಾಡಿದ್ದು ಜಾನ್ ಡನ್ ಮೇಲೆ. ಇಂಗ್ಲಿಷ್ ಕಾವ್ಯದ ಪಾಠ, ತುಂಬಿದ ಕ್ಲಾಸು... ಆ ಯೂನಿವರ್ಸಿಟಿಯ ಕಟ್ಟಡಗಳ ಮೇಲೆ 2023ರ ಅಕ್ಟೋಬರಿನಲ್ಲೇ ಬಾಂಬು ಬಿದ್ದಿತ್ತು. ಕಟ್ಟಡ ಹೋಗಿ, ಪಾಠ ಉಳಿದಿದೆ. ನೋಡ್ತಾ ರಾತ್ರಿ ಒಂದೂವರೆ ಆಯ್ತು.

ಆಗ ನಿಜಕ್ಕೂ ನಾಚಿಕೆ ಆಯ್ತು. ಇವರು ತಮ್ಮ ಶಿಷ್ಯರನ್ನೂ ಊರಿನ ಹುಡುಗ ಹುಡುಗಿಯರನ್ನೂ ಕೂರಿಸಿ ಕತೆ ಬರೆಸಿ, 'ಗಾಜಾ ರೈಟ್ಸ್ ಬ್ಯಾಕ್' ಅಂತ 2014ರಲ್ಲೇ ಪುಸ್ತಕ ತಂದಿದ್ದರು. 23 ಕತೆ. ಒಂಬತ್ತು ವರ್ಷ ಅದು ಅಂಗಡಿಯಲ್ಲಿತ್ತು. ನಾನು ತಗೊಳ್ಳಲಿಲ್ಲ. ಮೇಷ್ಟ್ರು ಸತ್ತ ಮೇಲೆ ಒಂದು ಪದ್ಯ ಹಿಡಕೊಂಡು ಓಡಾಡ್ತಾ ಇದ್ದೀನಿ! ನನಗನ್ನಿಸೋದು, ಅವರ ದೊಡ್ಡ ಕೆಲಸ ಈ ಪದ್ಯ ಅಲ್ಲ, ಆ ಕ್ಲಾಸು. ಪದ್ಯ ಎಷ್ಟು ಪ್ರಸಿದ್ಧವಾಯ್ತು ಅಂದ್ರೆ ಕ್ಲಾಸಿನಲ್ಲಿ ಕೂತಿದ್ದವರು ಮರೆಗೆ ಸರಿದುಬಿಟ್ಟರು.

ಚಿತ್ರ ಬರೀತಿದ್ದ ಹೆಬಾ ಝಗೂತ್ ವಿಷಯವೂ ಹೀಗೇ. ಜೆರುಸಲೇಮಿನ ಗುಮ್ಮಟಗಳು, ಕಸೂತಿಯ ಅಂಗಿ ತೊಟ್ಟ ಹೆಂಗಸರು ಅವರ ಕ್ಯಾನ್ವಾಸಿನಲ್ಲಿ. 2023ರ ಅಕ್ಟೋಬರ್ 13ರಂದು ಅವರೂ ಹೋದರು. ಆ ಬಣ್ಣಗಳನ್ನು ನಾನು ನೋಡಿದ್ದೂ ಸಾವಿನ ಸುದ್ದಿಯ ಕೆಳಗೆ.

ರೆಫಾತ್ ಅವರ ಬಿಡಿ ಬರಹಗಳನ್ನು ಗೆಳೆಯ ಯೂಸೆಫ್ ಅಲ್ಜಮಾಲ್ ಒಟ್ಟುಮಾಡಿ 2024ರಲ್ಲಿ ಪುಸ್ತಕ ಮಾಡಿದರು. ಆ ಪದ್ಯ ಹಿರಿಮಗಳು ಶೈಮಾಗೆ ಅಂತ ಬರೆದದ್ದಂತೆ. ಓದಿ ಸುಮ್ಮನೆ ಕೂತೆ. ಯಾಕಂದ್ರೆ ಶೈಮಾ ಕೂಡಾ ಇಲ್ಲ. 2024ರ ಏಪ್ರಿಲಿನಲ್ಲಿ ಗಂಡ ಮತ್ತು ತಾತನ ಮುಖವನ್ನೇ ನೋಡದ ಎಳೆಗೂಸಿನ ಜೊತೆ ದಾಳಿಯಲ್ಲಿ ಹೋದಳು. ಯಾರಿಗೆ ಬದುಕಿ ಹೇಳು ಅಂದಿದ್ದರೋ ಅವಳೇ ಇಲ್ಲ.

ಹಾಗಾಗಿ 'ನೀವು' ಎಲ್ಲ ಅಳಿಸಿ 'ನೀನು' ಮಾಡಿದ್ದೀನಿ. ಬಾಲಂಗೋಚಿಯನ್ನೂ ವಾಪಸ್ ತಂದೆ. ನಗೋರು ನಗಲಿ, ಮಗಳಿಗೆ ಹೇಳೋವಾಗ ಅಪ್ಪ ಬಾಲಂಗೋಚಿ ಅಂತಲೇ ಅಲ್ವಾ ಹೇಳೋದು? ಕೊನೆಯ ನಾಲ್ಕು ಸಾಲು ಇನ್ನೂ ಬಾಕಿ ಇದೆ. 'ಗಾಜಾ ರೈಟ್ಸ್ ಬ್ಯಾಕ್' ನಿನ್ನೆ ಬಂತು, ಮೊದಲ ಕತೆ ಓದ್ತಾ ಇದ್ದೀನಿ.