ಅರಳಿ ಗಿಡದಿಂದ ಇಳಿದವನು

ಭೀಮೆಗೆ ಅಮರ್ಜಾ ಬಂದು ಕೂಡುವ ಗಾಣಗಾಪುರದಲ್ಲಿ ಒಂದು ಅರಳಿ ಗಿಡ, ಅದರಲ್ಲಿ ಒಬ್ಬ ಬ್ರಹ್ಮರಾಕ್ಷಸ. ಅವನ ಅಂಜಿಕೆಗೆ ಹತ್ತಿರದ ಮನೆ ಹಾಳುಬಿದ್ದಿತ್ತು. ನೃಸಿಂಹ ಸರಸ್ವತಿಗಳು ಊರಿಗೆ ಬಂದಾಗ ಅವನು ಗಿಡದಿಂದ ಇಳಿದು, ಕಾಲಿಗೆ ಬಿದ್ದು, ಈ ಜನ್ಮದಿಂದ ತನ್ನನ್ನು ಬಿಡಿಸಬೇಕೆಂದು ಬೇಡಿಕೊಂಡ. ಗುರುಗಳು ಸಂಗಮದಲ್ಲಿ ಸ್ನಾನ ಮಾಡಲು ಹೇಳಿದರು. ಅವನಿಗೆ ಮುಕ್ತಿಯಾಯಿತು. ಯಾರೂ ಕಾಲಿಡದ ಆ ಮನೆಯಲ್ಲಿ ಗುರುಗಳು ತಾವೇ ಇದ್ದರು. ಮರಾಠಿ ‘ಗುರುಚರಿತ್ರೆ’ಯ ಈ ಕತೆಯನ್ನು ನನಗೆ ಹೇಳಿದವಳು ನಮ್ಮ ಆಯಿ, ಜೋಳದ ಹೊಲದ ಮಂಚಿಕೆಯ ಮೇಲೆ ಕುಳಿತು. ಗಿಡದ ಮಾತನ್ನೂ ರಾಕ್ಷಸನ ಹಲ್ಲನ್ನೂ ಆಕೆ ಬೇಗ ಮುಗಿಸಿಬಿಡುತ್ತಿದ್ದಳು. ಮನೆಯ ಮಾತು ಬಂದಾಗ ದನಿ ಇಳಿಯುತ್ತಿತ್ತು. ‘ಮನಿ ಇತ್ತಪಾ, ಒಲಿ ಹಚ್ಚವರು ಯಾರೂ ಇರ್ಲಿಲ್ಲ.’ ನನ್ನ ಮೈಮೇಲೆ ಮುಳ್ಳೇಳುತ್ತಿದ್ದುದು ಆ ಮಾತಿಗೆ.

ನಾನು ದೆವ್ವದ ಕಾದಂಬರಿ ಬರೆಯುತ್ತೇನೆ. ಬರೆದು ನಾನೇ ಅಚ್ಚು ಹಾಕಿಸುತ್ತೇನೆ, ನಾನೇ ಮಾರುತ್ತೇನೆ. ಹಗಲು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ನಸುಕಿನ ನಾಲ್ಕರಿಂದ ಆರರವರೆಗೆ ಕತೆ. ಹೈಸ್ಕೂಲಿನಲ್ಲಿದ್ದಾಗ ಕಾಕಾನ ಟ್ರಂಕಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿದ್ದವು. ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಓದಿದ್ದ ಆ ಮನುಷ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದು ಕನ್ನಡಿಗರ ಕೈಗೆ ಪುಸ್ತಕ ಕೊಟ್ಟರು. ಆಮೇಲೆ ಯಂಡಮೂರಿಯವರ ‘ತುಳಸೀದಳ’ ಬಂತು. ತೆಲುಗಿನಿಂದ ಕನ್ನಡಕ್ಕೆ ಬಂದ ಆ ಕಾದಂಬರಿಯನ್ನು ಓದಿ ಎಷ್ಟೋ ಮನೆಗಳಲ್ಲಿ ದೀಪ ಆರಿಸದೆ ಮಲಗಿದ್ದರು. 1985ರಲ್ಲಿ ಅದು ಸಿನಿಮಾ ಕೂಡ ಆಯಿತು. ಬಳ್ಳಾರಿಯಲ್ಲಿ ಹುಟ್ಟಿದ ರವಿ ಬೆಳಗೆರೆ ‘ಮಾಟಗಾತಿ’ ಬರೆದು ತಮ್ಮದೇ ಭಾವನಾ ಪ್ರಕಾಶನದಿಂದ ಹೊರತಂದರು. ಈ ಬರಹಕ್ಕೆ ಓದುಗರಿಲ್ಲ ಎಂದು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ಆದರೂ ನಾನು ಬರೆದ ಮೊದಲ ಹಸ್ತಪ್ರತಿ ಮೂವರು ಪ್ರಕಾಶಕರಿಂದ ತಿರುಗಿ ಬಂತು. ಒಬ್ಬರು, ದೆವ್ವ ಕಲಬುರಗಿ ಮಾತು ಆಡಿದರೆ ಓದುಗರಿಗೆ ತಿಳಿಯುವುದಿಲ್ಲ, ಭಾಷೆ ತಿದ್ದಿಕೊಡಿ ಎಂದಿದ್ದರು. ಅದೊಂದು ಮಾತಿಗೆ ನಾನೇ ಅಚ್ಚು ಹಾಕಿಸಲು ನಿರ್ಧರಿಸಿದೆ. ನಮ್ಮ ಊರಲ್ಲಿ ಸತ್ತ ಮುದುಕಿ ತಿರುಗಿ ಬಂದರೆ ‘ಯಾಕ್ ಬಂದಿ ಇಲ್ಲಿಗಿ’ ಎಂದು ಕೇಳುತ್ತಾಳೆಯೇ ಹೊರತು ಬೇರೆ ಸೀಮೆಯ ಕನ್ನಡ ಮಾತಾಡುವುದಿಲ್ಲ. ತೊಗರಿಗೆ ಒಳ್ಳೆಯ ರೇಟು ಬಂದ ವರ್ಷ ಕಲಬುರಗಿಯ ಪ್ರೆಸ್ಸಿಗೆ ಹೋದೆ. ಡೆಮಿ ಅಳತೆ, ಹತ್ತು ಫಾರ್ಮು, 160 ಪುಟ, 500 ಪ್ರತಿ. ನುಡಿ ತಂತ್ರಾಂಶದಲ್ಲಿ ನಾನೇ ಟೈಪು ಮಾಡಿದ್ದೆ. ಕರಡು ತಿದ್ದುವಾಗ ಬೈಂಡಿಂಗ್ ಮಾಡುವ ಹುಡುಗ ಪಕ್ಕದಲ್ಲಿ ನಿಂತು ಓದತೊಡಗಿದ. ಕೈಯಲ್ಲಿದ್ದ ಅಂಟಿನ ಬ್ರಶ್ಶು ಒಣಗಿಹೋದರೂ ಅವನಿಗೆ ಗೊತ್ತಾಗಲಿಲ್ಲ. ‘ಮುಂದ ಏನಾತ್ರಿ ಸರಾ?’ ಎಂದ. ಅವನೇ ನನ್ನ ಮೊದಲ ಓದುಗ.

ಆ ಕಾದಂಬರಿ ಹಗೇವಿನ ಕುರಿತಾಗಿತ್ತು. ಈಗಿನ ಮಕ್ಕಳಿಗೆ ಹಗೇವು ಗೊತ್ತಿಲ್ಲ. ನೆಲದೊಳಗೆ ತೋಡಿದ ಕಾಳಿನ ಕಣಜ, ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಕೋಣೆಯಷ್ಟು ಅಗಲ. ಜೋಳ ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಇರುತ್ತಿತ್ತು. ಬರ ಬಂದಾಗ ಊರು ಬದುಕುತ್ತಿದ್ದುದೇ ಅದರಿಂದ. ಆದರೆ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮುತ್ಯಾ ಹಗ್ಗಕ್ಕೆ ಕಂದೀಲು ಕಟ್ಟಿ ಮೆಲ್ಲಗೆ ಒಳಗೆ ಬಿಡುತ್ತಿದ್ದ. ಅದರ ಬೆಳಕು ಮೊದಲು ಕಲ್ಲಿನ ಅಂಚಿಗೆ, ಆಮೇಲೆ ಹುಲ್ಲಿಗೆ, ಆಮೇಲೆ ಕಾಳಿನ ಮೇಲೆ ಬೀಳುತ್ತಿತ್ತು. ದೀಪ ಉರಿಯುತ್ತಲೇ ಇದ್ದರೆ ಮನುಷ್ಯ ಇಳಿಯಬೇಕು. ಯಾರೂ ಊದದೆ ಫಕ್ಕನೆ ಆರಿಹೋದರೆ ಎಲ್ಲರೂ ಹಿಂದೆ ಸರಿದು ಕೂಡಬೇಕು. ಮುಚ್ಚಿಟ್ಟ ಕಾಳು ಉಸಿರಾಡುತ್ತದೆ, ಒಳಗಿನ ಪ್ರಾಣವಾಯುವನ್ನು ತೀರಿಸಿ ಇಂಗಾಲಾಮ್ಲವನ್ನು ತುಂಬುತ್ತದೆ; ತಿಳಿಯದೆ ಇಳಿದವರು ಅಲ್ಲೇ ಸತ್ತದ್ದುಂಟು. ನನಗೆ ಇದನ್ನು ವಿಜ್ಞಾನದ ಪುಸ್ತಕ ಹೇಳಿದ್ದು ಬಹಳ ತಡವಾಗಿ. ಆಯಿ ಮೊದಲೇ ಹೇಳಿದ್ದಳು: ‘ಅದು ಉಸುರು ನುಂಗತದ.’ ಅನ್ನ ಕೊಡುವ ಬಾಯಿಯೇ ಉಸಿರು ನುಂಗುವುದಕ್ಕಿಂತ ದೊಡ್ಡ ಅಂಜಿಕೆಯನ್ನು ನಾನು ಇನ್ನೂ ಬರೆದಿಲ್ಲ.

ಮಾರುವ ಕಷ್ಟವನ್ನು ಹೇಳುತ್ತ ಕೂಡುವುದಿಲ್ಲ. ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರು ತೀರಿಕೊಂಡದ್ದು 1942ರಲ್ಲಿ. ಅವರ ಗಂಟಿನ ಮುಂದೆ ನನ್ನ ಹೆಗಲಚೀಲ ಏನೂ ಅಲ್ಲ, ನನಗೆ ಬಸ್ಸಿದೆ. ಘತ್ತರಗಿ ಭಾಗ್ಯವಂತಿಯ ಜಾತ್ರೆ, ಕಲಬುರಗಿಯ ಶರಣಬಸವೇಶ್ವರ ಜಾತ್ರೆ, ಅಫಜಲಪುರದ ಸಂತೆ, ಎಲ್ಲ ಕಡೆ ಚಾದರ ಹಾಸಿ ಕುಳಿತಿದ್ದೇನೆ. ಬತ್ತಾಸು, ಬಳೆ, ಕುಂಕುಮದ ನಡುವೆ ಪುಸ್ತಕವೂ ಮಾರುತ್ತದೆ.

ಅಂಥ ಒಂದು ಜಾತ್ರೆಯಲ್ಲಿ ಒಬ್ಬ ತಾಯಿ ನನ್ನ ಎರಡನೆಯ ಪುಸ್ತಕವನ್ನು ತಿರುಗಿ ತಂದಳು. ಅದರಲ್ಲಿ ಹೊಸದಾಗಿ ಬಂದ ಸೊಸೆಗೆ ಗಾಳಿ ಬಡಿಯುತ್ತದೆ. ಆಕೆ ಕೂದಲು ಬಿಚ್ಚಿ ಕೂಗುವುದನ್ನು ನಾಲ್ಕು ಪುಟ ಬರೆದಿದ್ದೆ, ಚೆನ್ನಾಗಿ ಬಂದಿದೆ ಎಂದುಕೊಂಡಿದ್ದೆ. ತಾಯಿ ಚಾದರದ ಅಂಚಿಗೆ ಕುಳಿತು ಪುಸ್ತಕವನ್ನು ಮುಂದಿಟ್ಟಳು. ‘ಮಗಳು ಓದಿ ಹೇಳಿದ್ಳಪಾ. ಆ ಹುಡುಗಿಗಿ ಏನಾಗ್ಯಾದ ಅಂತ ನಿನ್ನ ಪುಸ್ತಕದಾಗ ಒಬ್ಬರರೆ ಕೇಳ್ಯಾರೇನು? ನಮ್ಮ ಮನ್ಯಾಗ ಹಿಂಗೇ ಹೊಡದ್ರು.’ ಅಷ್ಟೇ ಹೇಳಿದಳು. ನಾನು ದುಡ್ಡು ತಿರುಗಿ ಕೊಡಲು ಹೋದೆ, ಬೇಡವೆಂದಳು.

ಆಮೇಲೆ ಗಾಣಗಾಪುರಕ್ಕೆ ಹೋಗಿ ಮಧ್ಯಾಹ್ನದ ಆರತಿಯ ಹೊತ್ತಿಗೆ ಗುಡಿಯಲ್ಲಿ ನಿಂತೆ. ಅಷ್ಟು ವರ್ಷ ಕಂಡಿದ್ದನ್ನೇ ಮತ್ತೆ ಕಂಡೆ: ಗಂಟೆ, ನಗಾರಿ, ಗಾಳಿ ಬಡಿದಿದೆಯೆಂದು ಕರೆತಂದವರಲ್ಲಿ ಕಂಬ ಹಿಡಿದು ಏರುವವರು, ಕೂಗುವವರು. ಈ ಸಲ ಅವರ ಜೊತೆಗೆ ಬಂದವರನ್ನೂ ನೋಡಿದೆ. ಕೈಯಲ್ಲಿ ರೊಟ್ಟಿ ಗಂಟು ಹಿಡಿದ ಅಪ್ಪ, ಕೂಗುವ ಮಗಳ ಸೆರಗನ್ನು ಸರಿಮಾಡುತ್ತಲೇ ಇದ್ದ ಅವ್ವ. ಅಲ್ಲಿಗೆ ಬರುವ ನೋವು ಸುಳ್ಳಲ್ಲ. ಅದನ್ನು ತಮಾಷೆಯಾಗಿ ಬರೆಯುವ ಹಕ್ಕು ನನಗಿಲ್ಲ, ಅದಕ್ಕೆ ಕೋಲನ್ನು ಮದ್ದಾಗಿ ತೋರಿಸುವ ಹಕ್ಕಂತೂ ಇಲ್ಲವೇ ಇಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಈಗ ಅಪರಾಧ. 2017ರ ರಾಜ್ಯ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಓಣಿಯ ಕೈ ಕೋಲಿಗೆ ಹೋಗುವ ಮೊದಲು ಅಲ್ಲೊಂದು ಕತೆ ಇರುತ್ತದೆ. ಆ ಕತೆ ಬರೆಯುವವರಲ್ಲಿ ನಾನೂ ಒಬ್ಬ.

ಕತೆ ಆ ಕೈಯನ್ನು ತಡೆಯಲೂಬಲ್ಲದು ಎಂಬುದು ಹಳೆಯ ಕವಿಗಳಿಗೆ ಗೊತ್ತಿತ್ತು. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಚಂಡಮಾರಿಯ ಗುಡಿಗೆ ಇಬ್ಬರು ಎಳೆಯರನ್ನು ಬಲಿಗೆಂದು ಎಳೆದು ತರುತ್ತಾರೆ. ಅವರು ಅಂಜುವುದಿಲ್ಲ, ಕತೆ ಹೇಳುತ್ತಾರೆ. ಕತೆ ಮುಗಿಯುವಷ್ಟರಲ್ಲಿ ಕಡಿಯಲು ನಿಂತ ಅರಸ ಮಾರಿದತ್ತನ ಮನಸ್ಸೇ ತಿರುಗಿರುತ್ತದೆ. ಇಷ್ಟು ಭಯಂಕರವಾಗಿ ಶುರುವಾಗಿ ಇಷ್ಟು ಕರುಣೆಗೆ ಬಂದು ನಿಲ್ಲುವ ಕಾವ್ಯ ಕನ್ನಡದಲ್ಲಿದ್ದರೂ, ನಾನು ಎರಡು ಪುಸ್ತಕ ಬರೆದ ಮೇಲೆ ಅದನ್ನು ಸರಿಯಾಗಿ ಓದಿದೆ.

ಎರಡನೆಯ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಲಿಲ್ಲ. ಉಳಿದ ಪ್ರತಿಗಳನ್ನು ಮಾರುವುದನ್ನೂ ನಿಲ್ಲಿಸಿದೆ. ಮೂರನೆಯದರಲ್ಲಿ ಅದೇ ಸೊಸೆ ಇದ್ದಾಳೆ, ಅದೇ ಹಾಳು ವಾಡೆ ಇದೆ, ರಾತ್ರಿ ಒಳಗಿನಿಂದ ಬೀಸುವ ಕಲ್ಲಿನ ಸಪ್ಪಳವೂ ಬರುತ್ತದೆ. ಅಂಜಿಕೆಯನ್ನು ನಾನು ಕಡಿಮೆ ಮಾಡಿಲ್ಲ. ಅದು ಈ ಬರಹದ ಉಪ್ಪು. ಆದರೆ ಈ ಸಲ ಆಯಿಯಂಥ ಒಬ್ಬ ಮುದುಕಿ ಹುಡುಗಿಯ ಪಕ್ಕದಲ್ಲಿ ಕುಳಿತು, ‘ಏನಾಗ್ಯಾದವ್ವ, ಹೇಳು’ ಎಂದು ಕೇಳುತ್ತಾಳೆ. ಉತ್ತರ ಹನ್ನೆರಡು ಪುಟ ಆಗಿದೆ.

ಅಚ್ಚಾದ ಮೇಲೆ ಮೊದಲ ಪ್ರತಿಯನ್ನು ಆ ತಾಯಿಗೆ ಕೊಡಬೇಕು. ಆಕೆಯ ಹೆಸರು, ಊರು ಕೇಳಿಕೊಳ್ಳಲಿಲ್ಲ. ಬರುವ ಜಾತ್ರೆಯಲ್ಲಿ ಅದೇ ಜಾಗದಲ್ಲಿ ಚಾದರ ಹಾಸಿ ಕೂಡುತ್ತೇನೆ.