ಹಾಡಿನ ಅರವಟ್ಟಿಗೆ

ಪಶ್ಚಿಮಕ್ಕೆ ಪೆಸಿಫಿಕ್ ಸಾಗರ, ಪೂರ್ವಕ್ಕೆ ಕೊಲ್ಲಿ. ನಡುವಣ ಏರಿಳಿವ ಗುಡ್ಡಗಳ ಮೇಲೆ ಹಬ್ಬಿದ ನಗರ ಸ್ಯಾನ್ ಫ್ರಾನ್ಸಿಸ್ಕೊ. ಬೇಸಗೆಯಲ್ಲಿಯೂ ಕಡಲಿನಿಂದೆದ್ದ ಮಂಜು ಬೀದಿಬೀದಿಗೆ ನುಗ್ಗುತ್ತದೆ. ಪರಸ್ಥಳದವರು ಉಣ್ಣೆಯಂಗಿಗಾಗಿ ತಡಕಾಡುತ್ತಾರೆ. ಹೆಸರಾಂತ ಕೆಂಪು ಸೇತುವೆಯನ್ನು ಕಂಡು ಮರಳುವ ಪ್ರವಾಸಿಗರೇ ಬಹಳ. ಆದರೆ ಸಂಗೀತಪ್ರಿಯರಿಗೆ ಇಲ್ಲಿ ಇನ್ನೊಂದು ಯಾತ್ರೆಯುಂಟು. ದೂರವೇನೂ ಇಲ್ಲ, ಸುಮಾರು ಮೂರು ಕಿಲೋಮೀಟರು; ಒಂದು ಹಳೆಯ ಮನೆಯಿಂದ ಒಂದು ಹಳೆಯ ಇಗರ್ಜಿಯವರೆಗೆ.

ಮನೆಯಿರುವುದು ಹೇಟ್-ಆಶ್‌ಬರಿ ಎಂಬ ಬಡಾವಣೆಯಲ್ಲಿ, ಆಶ್‌ಬರಿ ಬೀದಿಯ 710ನೆಯ ಸಂಖ್ಯೆಯಲ್ಲಿ. ವಿಕ್ಟೋರಿಯಾ ರಾಣಿಯ ಕಾಲದ ಶೈಲಿಯ ಮರದ ಮನೆ. 1966ರಿಂದ 1968ರವರೆಗೆ ‘ಗ್ರೇಟ್‌ಫುಲ್ ಡೆಡ್’ ಎಂಬ ವಾದ್ಯವೃಂದದವರು ಇಲ್ಲಿ ಬಿಡಾರ ಹೂಡಿದ್ದರು. ಅವರದು ಸೈಕೆಡೆಲಿಕ್ ಸಂಗೀತ. ಮನಸ್ಸನ್ನು ಬಯಲಿಗೆ ತೋರುವುದು ಎಂಬುದು ಆ ಗ್ರೀಕ್ ಮೂಲದ ಮಾತಿನ ಅರ್ಥ. ಆ ಹೆಸರಿನ ಹಿಂದೆ ಮಾದಕ ದ್ರವ್ಯದ ನೆರಳೂ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಸಂಗೀತದ ಮಾತಿಗೆ ಬಂದರೆ, ಮೂರು ನಿಮಿಷಗಳ ಹಾಡನ್ನು ಅರ್ಧ ಗಂಟೆಯವರೆಗೂ ಹಿಗ್ಗಿಸಿ, ಸ್ವರದಿಂದ ಸ್ವರಕ್ಕೆ ಅಲೆದು, ಮರಳಿ ಪಲ್ಲವಿಗೆ ಸೇರುವ ಮನೋಧರ್ಮವೇ ಅದರ ಜೀವಾಳ. ರಾಗಾಲಾಪನೆಗೆ ಒಗ್ಗಿದ ಕಿವಿಗೆ ಇದು ತೀರ ಅಪರಿಚಿತವೆನಿಸದು. ಈ ತಂಡದ ಡೋಲುಗಾರ ಮಿಕಿ ಹಾರ್ಟ್ 1991ರ ‘ಪ್ಲಾನೆಟ್ ಡ್ರಮ್’ ಧ್ವನಿಮುದ್ರಿಕೆಯಲ್ಲಿ ತಬಲಾದ ಜಾಕಿರ್ ಹುಸೇನ್ ಮತ್ತು ಘಟದ ವಿಕ್ಕು ವಿನಾಯಕರಾಂ ಅವರೊಡನೆ ಕಲೆತು ನುಡಿಸಿದ್ದು ಆಕಸ್ಮಿಕವಲ್ಲ.

ಬಡಾವಣೆಯ ಮಗ್ಗುಲಲ್ಲೇ ಬಾಣಲೆಯ ಹಿಡಿಯಂತೆ ಚಾಚಿಕೊಂಡ ಉದ್ಯಾನವೊಂದಿದೆ. ಅದರ ಹೆಸರೂ ‘ಪ್ಯಾನ್‌ಹ್ಯಾಂಡಲ್’ ಎಂದೇ. ಅಲ್ಲಿಯ ಮರಗಳ ಕೆಳಗೆ ಈ ತಂಡದವರು ಕಾಸು ಕೇಳದೆ ನುಡಿಸಿದರು. ‘ಡಿಗ್ಗರ್ಸ್’ ಎಂಬ ಗುಂಪಿನವರು ಹಸಿದವರಿಗೆ ಕಾಸು ಕೇಳದೆ ಉಣಬಡಿಸಿದರು. 1967ರ ಬೇಸಗೆಯಲ್ಲಿ ದೇಶದ ನಾನಾ ಮೂಲೆಗಳಿಂದ ತರುಣರು ನೆರೆದು, ಕೊಳಕು, ರೋಗ, ವ್ಯಸನಗಳು ಹೆಚ್ಚಿದಾಗ, ಅಕ್ಟೋಬರ್ 6ರಂದು ಅಲ್ಲಿಯವರೇ ‘ಹಿಪ್ಪಿ’ಯ ಅಣಕು ಶವಯಾತ್ರೆ ನಡೆಸಿ ಆ ಸಂಭ್ರಮಕ್ಕೆ ತೆರೆಯೆಳೆದರು. ಆದರೆ ಉಚಿತವಾಗಿ ಹಾಡುವ ಪರಿಪಾಠ ಸಾಯಲಿಲ್ಲ.

ಅದನ್ನು ಉಳಿಸಿದವರು ಶ್ರೋತೃಗಳು. ಒಂದು ರಾತ್ರಿಯ ಕಛೇರಿ ಮತ್ತೊಂದು ರಾತ್ರಿಯದರಂತೆ ಇರುತ್ತಿರಲಿಲ್ಲವಾದ್ದರಿಂದ ಅವರು ಟೇಪ್ ರೆಕಾರ್ಡರ್ ಹೊತ್ತು ಊರೂರು ಸುತ್ತಿದರು. ತಂಡದವರು ಅಡ್ಡಿಪಡಿಸಲಿಲ್ಲ, 1984ರಲ್ಲಿ ಅವರಿಗಾಗಿ ಪ್ರತ್ಯೇಕ ಆಸನಗಳನ್ನೇ ಕಾದಿರಿಸಿದರು. ಟೇಪುಗಳನ್ನು ವಿನಿಮಯ ಮಾಡಿಕೊಳ್ಳಬಹುದು, ಮಾರಬಾರದು ಎಂಬುದೊಂದೇ ಕಟ್ಟಳೆ. ಆ ಟೇಪುಗಳು ಹೋದಲ್ಲೆಲ್ಲ ಹೊಸ ಕೇಳುಗರು ಹುಟ್ಟಿ, ಟಿಕೆಟ್ಟು ಕೊಂಡು ಕಛೇರಿಗೆ ಬಂದರು.

ಇನ್ನು ಇಗರ್ಜಿ. ಗೋಲ್ಡನ್ ಗೇಟ್ ಉದ್ಯಾನವನ್ನು ದಾಟಿ ಉತ್ತರಕ್ಕೆ ನಡೆದರೆ, ಹನ್ನೆರಡು ಮತ್ತು ಹದಿನಾಲ್ಕನೆಯ ಅವೆನ್ಯೂಗಳ ನಡುವೆ, ಹದಿಮೂರನೆಯದಿರಬೇಕಾದ ಜಾಗದಲ್ಲಿ ಫನ್‌ಸ್ಟನ್ ಅವೆನ್ಯೂ ಇದೆ. ಅಲ್ಲಿ ಗ್ರೀಕ್ ದೇಗುಲದಂಥ ಬಿಳಿಯ ಕಂಬಗಳ ಕಟ್ಟಡವೊಂದು ನಿಂತಿದೆ. 1923ರ ಈ ಪ್ರಾರ್ಥನಾ ಮಂದಿರವನ್ನು 2009ರಲ್ಲಿ ಕೊಂಡದ್ದು ‘ಇಂಟರ್‌ನೆಟ್ ಆರ್ಕೈವ್’. ಬ್ರೂಸ್ಟರ್ ಕೇಲ್ ಅವರು 1996ರಲ್ಲಿ ಸ್ಥಾಪಿಸಿದ ಸಾರ್ವಜನಿಕ ಗ್ರಂಥಭಂಡಾರ. ಒಳಗೆ ಪ್ರಾರ್ಥನೆಯ ಮರದ ಪೀಠಗಳು ಹಾಗೆಯೇ ಇವೆ. ಭಕ್ತಾದಿಗಳ ಬದಲು ಇಲ್ಲಿ ದುಡಿದವರ ಸುಡುಮಣ್ಣಿನ ಪ್ರತಿಮೆಗಳು ನಿಂತಿವೆ. ಹಿಂಗೋಡೆಯ ಗೂಡುಗಳಲ್ಲಿ ಕಂಪ್ಯೂಟರುಗಳು. ಎಲ್ಲೋ ದೂರದಲ್ಲಿ ಯಾರೋ ಒಂದು ಪುಸ್ತಕವನ್ನೋ ಹಾಡನ್ನೋ ಬೇಡಿದಾಗ ಅವುಗಳ ನೀಲಿ ದೀಪಗಳು ಮಿನುಗುತ್ತವೆ. ಅವುಗಳ ಬಿಸಿಯೇ ಮಂದಿರವನ್ನು ಬೆಚ್ಚಗಿಡುತ್ತದೆ. ಊರಿನ ತಂಪುಗಾಳಿಯೇ ಅವುಗಳನ್ನು ತಣಿಸುತ್ತದೆ.

2002ರಿಂದ ಇಲ್ಲಿ ಕಛೇರಿಗಳ ಧ್ವನಿಮುದ್ರಣಗಳ ಸಂಗ್ರಹ ನಡೆದಿದೆ. ಈಗ ಅವು ಎರಡು ಲಕ್ಷವನ್ನು ಮೀರಿವೆ. ಅನುಮತಿಯಿತ್ತ ತಂಡಗಳವು ಮಾತ್ರ ಇಲ್ಲಿ ಸೇರುತ್ತವೆ. ಹೆಸರಾಂತವರ ಪಕ್ಕದಲ್ಲೇ ಯಾವ ಕಂಪನಿಯ ಹಂಗೂ ಇಲ್ಲದ, ಯಾರೂ ಕೇಳರಿಯದ ತಂಡಗಳಿವೆ. ಹೆಸರನ್ನೋ ತಾರೀಖನ್ನೋ ಒತ್ತಿದರೆ ಮೈಸೂರಿನ ಮನೆಯಲ್ಲಿಯೂ ಹಾಡು ಕೇಳಿಬರುತ್ತದೆ. ಹಿಂದಿನ ಕೇಳುಗರು ಬರೆದಿಟ್ಟ ಅಭಿಪ್ರಾಯಗಳೇ ಹೊಸಬರಿಗೆ ದಾರಿದೀಪ.

ಬಿಟ್ಟಿ ಸಿಕ್ಕಿದ್ದು ಸ್ಥಿರವೆಂದು ನಂಬುವಂತಿಲ್ಲ. 2005ರ ನವೆಂಬರಿನಲ್ಲಿ ಗ್ರೇಟ್‌ಫುಲ್ ಡೆಡ್‌ನವರೇ ತಮ್ಮ ಧ್ವನಿಮುದ್ರಣಗಳನ್ನು ಇಳಿಸಿಕೊಳ್ಳದಂತೆ ತಡೆ ಹಾಕಿಸಿದರು. ಅಭಿಮಾನಿಗಳು ಸಿಡಿದೆದ್ದರು. ಕೆಲವೇ ದಿನಗಳಲ್ಲಿ ಒಪ್ಪಂದವಾಯಿತು: ಶ್ರೋತೃಗಳು ಮಾಡಿದ ಮುದ್ರಣಗಳನ್ನು ಮನೆಗೊಯ್ಯಬಹುದು, ವೇದಿಕೆಯ ಧ್ವನಿಯಂತ್ರದಿಂದಲೇ ತೆಗೆದವನ್ನು ಕೇಳಿ ಬಿಡಬೇಕು. 2024ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳು ಜಾಲದ ಮೂಲಕ ಲಗ್ಗೆಯಿಟ್ಟಾಗ ಭಂಡಾರವೇ ಹಲವು ದಿನ ಬಾಗಿಲು ಮುಚ್ಚಿತು.

ಆದರೂ ಪರಂಪರೆ ಕಡಲು ದಾಟಿದೆ. ಆಸ್ಟ್ರೇಲಿಯಾದ ಮೆಲ್ಬರ್ನಿನ ‘ಕಿಂಗ್ ಗಿಜರ್ಡ್ ಅಂಡ್ ದ ಲಿಜರ್ಡ್ ವಿಜರ್ಡ್’ ತಂಡವು 2017ರ ನವೆಂಬರಿನಲ್ಲಿ ‘ಪಾಲಿಗೊಂಡ್ವಾನಾಲ್ಯಾಂಡ್’ ಎಂಬ ಧ್ವನಿಮುದ್ರಿಕೆಯನ್ನು ಉಚಿತವಾಗಿ ಹಂಚಿತು. ಮೂಲಪ್ರತಿಯನ್ನೂ ಕೊಟ್ಟು, ಬೇಕಾದವರು ತಟ್ಟೆಗಳನ್ನು ಅಚ್ಚುಹಾಕಿಸಿಕೊಳ್ಳಿರೆಂದಿತು.

ಬಿಸಿಲುಗಾಲದ ಅರವಟ್ಟಿಗೆಯಲ್ಲಿ ನೀರು ಕುಡಿದವನು ಕಾಸು ಕೊಡಬೇಕಾಗಿಲ್ಲ. ಆದರೆ ಕೊಡ ತಾನಾಗಿ ತುಂಬುವುದಿಲ್ಲ. ನುಡಿಸಿದವರು, ಟೇಪು ಹೊತ್ತವರು, ದೀಪ ಆರದಂತೆ ಕಾಯುವವರು ಎಲ್ಲರೂ ಹೊತ್ತು ತಂದ ನೀರದು. ಹೊಸ ತಂಡವೊಂದರ ಹಾಡು ಮೆಚ್ಚಿಗೆಯಾದರೆ ಅವರ ತಟ್ಟೆಯೊಂದನ್ನು ಕೊಳ್ಳುವುದು, ಅವರ ಹೆಸರನ್ನು ನಾಲ್ವರಿಗೆ ಹೇಳುವುದು, ಕೊಡಕ್ಕೆ ಒಂದು ಬಿಂದಿಗೆ ನೀರು ಸುರಿದಂತೆ.