ಹಳ್ಳದಾಚೆಯ ಅಜ್ಜಿಮನೆ

ಮಳೆಗಾಲದ ಮಲೆನಾಡು ಅಂದ್ರೆ ಮಂಜು, ಜಲಪಾತ, ಬಿಸಿ ಬಿಸಿ ಬಜ್ಜಿ ಮತ್ತು ನಾಲ್ಕು ರೀಲ್ಸ್. ಹೋದ ವರ್ಷ ಜುಲೈವರೆಗೆ ನನಗೂ ಅಷ್ಟೇ ಆಗಿತ್ತು.

ಅಜ್ಜಿಮನೆ ಇರೋದು ತೀರ್ಥಹಳ್ಳಿ, ಆಗುಂಬೆ ನಡುವೆ. ಗುಡ್ಡೇಕೇರಿಯಲ್ಲಿ ಬಸ್ಸಿಳಿದು, ಆಟೋ ಹಿಡಿದು, ಕೊನೆಗೆ ಅಡಿಕೆ ತೋಟದೊಳಗೆ ನಡೆದರೆ ಒಂದು ಹಳ್ಳ. ಅದರಾಚೆ ಇರೋದು ಅಜ್ಜಿಯದೊಂದೇ ಮನೆ. ದಾಟೋಕೆ ಕಾಲುಸಂಕ: ಮೂರು ಅಡಿಕೆ ಮರ ಜೋಡಿಸಿ ಕಟ್ಟಿದ್ದು, ಹಿಡಿದುಕೊಳ್ಳೋಕೆ ಒಂದು ಬಿದಿರು. ಬೇಸಿಗೆಯಲ್ಲಿ ಅದೂ ಬೇಡ, ಕಲ್ಲಿಂದ ಕಲ್ಲಿಗೆ ಹಾರಿದರೆ ಸಾಕು.

ಆ ಸಲ ನನ್ನ ಬ್ಯಾಗಿನಲ್ಲಿ ಅಜ್ಜಿಯ ಇನ್ಸುಲಿನ್ ಇತ್ತು. ವಾರವಿಡೀ ಮಳೆ. ಗುಡ್ಡದ ಮೇಲೆ ಸಿಗ್ನಲ್ ಸಿಗೋ ಜಾಗಕ್ಕೆ ಹತ್ತಿ ಮಾವ ಫೋನ್ ಮಾಡಿದ್ದರು: "ಪೇಟೆಗೆ ಹೋಗೋಕೆ ಆಗ್ಲಿಲ್ಲ, ಬರ್ತಾ ನೀನೇ ತಗೊಂಬಾ."

ಸಂಜೆ ನಾಲ್ಕಕ್ಕೆ ತಲುಪಿದಾಗ ಮಳೆ ನಿಂತು ಬಿಸಿಲು ಬಂದಿತ್ತು. ಆದರೆ ಹಳ್ಳ ಕಾಣೋ ಮೊದಲೇ ಸದ್ದು ಕೇಳಿಸಿತು. ನೀರಿನಡಿ ಕಲ್ಲುಗಳು ಉರುಳುವ ಸದ್ದು ಅದು. ಕೆಂಪು ನೀರು, ತೇಲಿ ಬರುವ ತರಗೆಲೆ, ಕೊಂಬೆ. ಸಂಕ ಕಾಣಲೇ ಇಲ್ಲ.

ಬೆಂಗಳೂರಿಗೆ ಇಡೀ ವರ್ಷ ಬೀಳೋದು ಸುಮಾರು 1,000 ಮಿ.ಮೀ. ಮಳೆ. ಆಗುಂಬೆಗೆ 7,000ಕ್ಕೂ ಹೆಚ್ಚು. ಜುಲೈ ಹೊತ್ತಿಗೆ ಮಣ್ಣು ಕುಡಿಯುವಷ್ಟು ಕುಡಿದಾಗಿರುತ್ತೆ. ಮೇಲೆ ಘಟ್ಟದಲ್ಲಿ ಬಿದ್ದಿದ್ದೆಲ್ಲ ನೇರ ಹಳ್ಳಕ್ಕೆ. ನಾವು ಬಿಸಿಲಲ್ಲಿ ನಿಂತಿದ್ದರೂ ಹಳ್ಳ ಏರುತ್ತೆ.

ಆಚೆ ದಡದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಮಾವ ನಿಂತಿದ್ದರು. ಕೂಗಿದ್ದು ಕೇಳಲಿಲ್ಲ. ನಾನು ಬ್ಯಾಗ್ ಎತ್ತಿ ತೋರಿಸಿದೆ. ಅವರು ಎರಡು ಬೆರಳು ತೋರಿಸಿ, 'ಹಿಂದೆ ಹೋಗು' ಅಂತ ಕೈಬೀಸಿದರು. ಎರಡು ಗಂಟೆ ಕಾಯಬೇಕೇನೋ ಅಂದುಕೊಂಡು ಕಲ್ಲೊಂದರ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಆ ಕಲ್ಲೇ ಮುಳುಗಿತು. ಬ್ಯಾಗನ್ನ ಆಚೆಗೆ ಎಸೆದುಬಿಡಲಾ ಅನ್ನಿಸಿದ್ದು ನಿಜ. ಕೈ ನಡುಗುತ್ತಿತ್ತು, ಎಸೆಯಲಿಲ್ಲ.

ಈಚೆ ದಡದ ಮನೆಯ ಅಮ್ಮ ಬಂದು ಕರೆದುಕೊಂಡು ಹೋದರು. ರಾತ್ರಿ ನಿದ್ದೆ ಬರಲಿಲ್ಲ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಬರುತ್ತಿದ್ದ ಎರಡನೇ ತರಗತಿಯ ಹುಡುಗಿ ಕಾಲುಸಂಕದಿಂದ ಬಿದ್ದು ಕೊಚ್ಚಿಹೋದ ಸುದ್ದಿ ನೆನಪಾಗುತ್ತಿತ್ತು. ಅಜ್ಜಿಗೆ ಶುಗರ್ ಏರಿದರೆ? 108 ಬಂದರೂ ಹಳ್ಳದ ಈಚೆಗೇ ತಾನೇ?

ಬೆಳಗ್ಗೆ ನೀರು ಇಳಿದಿತ್ತು. ಸಂಕದ ಎರಡು ಮರ ಹೋಗಿ, ಒಂದು ಉಳಿದಿತ್ತು. ಎರಡೂ ದಡದ ಮರಗಳಿಗೆ ಹಗ್ಗ ಬಿಗಿದು, ಅದನ್ನ ಹಿಡಿದು ಮಾವ ಬಂದು ಬ್ಯಾಗನ್ನ ತಲೆ ಮೇಲಿಟ್ಟುಕೊಂಡು ಹೋದರು. ನನ್ನನ್ನ ದಾಟಿಸಿದ್ದು ಮಧ್ಯಾಹ್ನ, ನೀರು ಮೊಣಕಾಲಿಗಿಂತ ಕೆಳಗೆ ಬಂದ ಮೇಲೆ.

"ಎರಡು ಬೆರಳು ಎಂತಕ್ಕೆ ತೋರಿಸಿದ್ರಿ ಮಾವ?"

"ಇನ್ನೂ ಎರಡು ದಿನಕ್ಕೆ ಔಷಧಿ ಇದೆ, ಗಡಿಬಿಡಿ ಮಾಡ್ಬೇಡ ಅಂದೆ. ನೀ ಎಂತ ತಿಳ್ಕಂಡೆ?"

ಅಜ್ಜಿ ಕೆಂಡದಲ್ಲಿ ಹಲಸಿನ ಹಪ್ಪಳ ಸುಡುತ್ತಿದ್ದರು. ಬೆಂಗಳೂರಿಗೆ ಬಂದುಬಿಡಿ ಅಂದೆ. "ನೀರು ಇಳಿಯುತ್ತೆ ಮಾರಾಯ್ತಿ. ನಮ್ಮನೆ ಮುಂದೆ ಕೂರೋಕೆ ಅದಕ್ಕೆಲ್ಲಿ ಪುರ್ಸೊತ್ತು!"

ಮನೆಯೊಳಗೆ ಕಣ್ಣಾಡಿಸಿದೆ. ಒಣ ಕಟ್ಟಿಗೆ, ಅಕ್ಕಿ, ಹಪ್ಪಳ, ಉಪ್ಪಿನಕಾಯಿ, ಹಲಸಿನ ಬೀಜ. ಹಳ್ಳ ವಾರಗಟ್ಟಲೆ ಇಳಿಯದಿದ್ದರೂ ಸಾಕಾಗುವಷ್ಟಿತ್ತು. ಮಳೆಗಾಲಕ್ಕೆ ಏನೇನು ಬೇಕು ಅಂತ ಹಿರಿಯರು ಮಾಡಿಟ್ಟ ಪಟ್ಟಿ ಅದು. ಇನ್ಸುಲಿನ್ ಈ ಮನೆಗೆ ಬಂದು ಮೂರೇ ವರ್ಷ, ಹಾಗಾಗಿ ಅದು ಆ ಪಟ್ಟಿಯಲ್ಲಿರಲಿಲ್ಲ. ಸೇರಿಸಬೇಕಾದವಳು ನಾನು.

ಈ ವರ್ಷ ಮೃಗಶಿರ ಮಳೆ ಹುಟ್ಟೋ ಮೊದಲೇ ಡಾಕ್ಟರನ್ನ ಕೇಳಿ ಮೂರು ತಿಂಗಳ ಔಷಧಿ ತಲುಪಿಸಿದ್ದೇನೆ. ಕರೆಂಟ್ ಹೋದರೆ ತಂಪಾಗಿಡೋಕೆ ಮಣ್ಣಿನ ಮಡಕೆಯ ವ್ಯವಸ್ಥೆಯೂ ಆಗಿದೆ. ನಿಮ್ಮ ಊರಲ್ಲೂ ಹಳ್ಳದಾಚೆ ಯಾರಾದರೂ ಇದ್ದರೆ ಮೇ ತಿಂಗಳಲ್ಲೇ ಒಂದು ಫೋನ್ ಮಾಡಿ, ಮಾತ್ರೆ ಎಷ್ಟಿದೆ ಅಂತ ಕೇಳಿ.

ಕಬ್ಬಿಣದ ಕಾಲುಸೇತುವೆಗೆ ಮಾವ ಅರ್ಜಿ ಕೊಟ್ಟಿದ್ದಾರೆ. ಉತ್ತರ ಬಂದಿಲ್ಲ. ಸದ್ಯಕ್ಕೆ ತೋಟದಿಂದ ಮತ್ತೆರಡು ಅಡಿಕೆ ಮರ ಕಡಿದು ಸಂಕ ಕಟ್ಟಿದ್ದಾರೆ.